ಕ್ರೋಮಿನ ಹೊಳಪು, ಆಟಿಯ ಮಳೆ

ಮೇ ಕೊನೆಯ ಪತ್ತನಾಜೆ ಕಳೆಯಿತೆಂದರೆ ಪುತ್ತೂರಿನ ಬಳಿಯ ನರಿಮೊಗರಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಮೈಲುತುತ್ತು, ಸುಣ್ಣ ಸೇರಿಸಿ ಕದಡಿದ ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಹಳಬರಿಗೆ ಯಂತ್ರ ಬೇಡ. ಉಜ್ಜಿ ಬೆಳಗಿಸಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅದರ ಮೇಲೆ ಕೆಂಗಂದು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಆ ಬಣ್ಣ ತುಕ್ಕಲ್ಲ, ತಾಮ್ರ. ದ್ರಾವಣದೊಳಗಿನ ತಾಮ್ರ ಕಬ್ಬಿಣದ ಮೇಲೆ ಕೂತಿದೆ. ಅದಕ್ಕೆ ಜಾಗ ಬಿಟ್ಟುಕೊಟ್ಟ ಕಬ್ಬಿಣ ಕರಗಿ ನೀರಿಗಿಳಿದಿದೆ.

ಒಂದು ಲೋಹದ ಮೇಲೆ ಇನ್ನೊಂದನ್ನು ಹೀಗೆ ಕೂರಿಸಬಹುದು. ಆದರೆ ಕೂತದ್ದು ಮೇಲ್ಜಾತಿಯ, ಅಂದರೆ ಸುಲಭಕ್ಕೆ ಕರಗದ, ಲೋಹವಾಗಿದ್ದು, ಮೈಯನ್ನು ಪೂರ್ತಿ ಮುಚ್ಚದಿದ್ದರೆ, ಕೆಳಗಿನದು ಮೊದಲಿಗಿಂತ ಬೇಗ ಸವೆಯುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಬೈಕಿನ ಹೊಳಪು ಹುಟ್ಟಿದ್ದೂ ಸಾಯುವುದೂ ಈ ನಿಯಮದಲ್ಲೇ. (ಮದ್ದಿನ ಡ್ರಮ್ಮನ್ನು ಬೈಕಿನಲ್ಲಿ ಸಾಗಿಸುವವರು ಗಮನಿಸಬೇಕು: ಚೆಲ್ಲಿದ ತಾಮ್ರದ ನೀರು ಎಂಜಿನ್ನಿನ ಅಲ್ಯೂಮಿನಿಯಂ ಮೇಲೂ ಗುಳಿ ತೋಡುತ್ತದೆ.)

ಇಪ್ಪತ್ತನೇ ಶತಮಾನದ ಆರಂಭದ ಮೋಟಾರು ಬೈಕುಗಳಿಗೆ ಒಲೆಯಲ್ಲಿ ಬೇಯಿಸಿದ ಕಪ್ಪು ಎನಾಮಲ್ ಬಣ್ಣವಿತ್ತು, ಹೊಳೆಯಬೇಕಾದಲ್ಲಿ ನಿಕಲ್ ಇತ್ತು. ನಿಕಲ್ ಗಟ್ಟಿ, ಆದರೆ ಗಾಳಿಗೆ ಮಂಕಾಗಿ ಹಳದಿ ತಿರುಗುತ್ತದೆ; ಆಗಾಗ ತಿಕ್ಕುತ್ತಲೇ ಇರಬೇಕು. 1920ರ ದಶಕದ ನಡುವಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಕ್ರೋಮಿಯಂ ಲೇಪನವನ್ನು ಕಾರ್ಖಾನೆಗೆ ಒಗ್ಗಿಸಿದರು. ಆ ದಶಕ ಮುಗಿಯುವಷ್ಟರಲ್ಲಿ ಕಾರು, ಬೈಕುಗಳಿಗೆಲ್ಲ ಆ ನೀಲಿ ಛಾಯೆಯ ಕನ್ನಡಿ ಮೈ ಬಂದುಬಿಟ್ಟಿತ್ತು.

ಆದರೆ ನಾವು ಕ್ರೋಮ್ ಎನ್ನುವುದರಲ್ಲಿ ಕ್ರೋಮ್ ಇರುವುದು ತೀರಾ ಕಡಿಮೆ. ಅಲಂಕಾರದ ಲೇಪನದಲ್ಲಿ ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತಲೂ ಕಡಿಮೆ; ತಲೆಗೂದಲು ಸುಮಾರು 70 ಮೈಕ್ರಾನ್. ಕಬ್ಬಿಣವನ್ನು ಕಾಯುವುದು ಕೆಳಗಿನ ನಿಕಲ್, ಅದೂ ಹತ್ತರಿಂದ ಮೂವತ್ತು, ಒಳ್ಳೆಯ ಕೆಲಸವಾದರೆ ನಲವತ್ತು ಮೈಕ್ರಾನ್. ಬೆಲೆಯ ಗುಟ್ಟಿರುವುದು ಇಲ್ಲೇ. ಹತ್ತು ಮೈಕ್ರಾನ್ ನಿಕಲ್ಲಿನ ಸೈಲೆನ್ಸರಿಗೂ ನಲವತ್ತರದ್ದಕ್ಕೂ ಶೋರೂಮಿನ ದೀಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ವ್ಯತ್ಯಾಸ ಹೊರಬೀಳುವುದು ಎರಡನೆಯ ಮಳೆಗಾಲದ ಆಟಿ ತಿಂಗಳಲ್ಲಿ, ಕಂದು ಚುಕ್ಕೆಗಳಾಗಿ. ಪಾಲಿಶ್ ಹಾಕಿ ತಿಕ್ಕಿದರೆ ಚುಕ್ಕೆ ಹೋಗುತ್ತದೆ, ತೂತು ಉಳಿಯುತ್ತದೆ.

ಸತುವಿನ ನಡತೆ ನಿಕಲ್ಲಿನದಕ್ಕೆ ಪೂರಾ ವಿರುದ್ಧ. ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ ಸತುವಿನ ಲೇಪನ, ಗೀರು ಬಿದ್ದರೂ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ನಮ್ಮ ಕೊಟ್ಟಿಗೆಯ ತಗಡುಗಳು ಇಷ್ಟು ಮಳೆಗೆ ನಿಂತಿರುವುದು ಅದರಿಂದಲೇ. ಆದರೆ ಕೊಟ್ಟಿಗೆಯ ತಗಡಿನ ಬಣ್ಣದ ಬೈಕನ್ನು ಯಾರು ಕೊಂಡಾರು? ಸತುವಿಗೆ ಸಿಕ್ಕಿದ್ದು ನಟ್ಟು, ಬೋಲ್ಟು, ಬ್ರಾಕೆಟ್ಟುಗಳು ಮಾತ್ರ; ಅಲ್ಲೂ ತೆಳ್ಳಗೆ.

ಕನ್ನಡನಾಡಿಗೆ ಕ್ರೋಮಿನ ಮೋಹ ಹಿಡಿಸಿದ್ದು ಮೈಸೂರು. ರುಸ್ತುಂ ಇರಾನಿ, ಫಾರೂಕ್ ಇರಾನಿ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜೇಂದ್ರ ಒಡೆಯರ್. ಚೆಕೊಸ್ಲೊವಾಕಿಯಾದ ವಿನ್ಯಾಸದ ಆ 250 ಸಿ.ಸಿ. ಬೈಕಿನ ಮರೂನ್ ಟ್ಯಾಂಕಿನ ಎರಡೂ ಬದಿ ಕ್ರೋಮ್. 1973ರಿಂದ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂದರೆ ಜನ ಈಗಲೂ ಟ್ಯಾಂಕಿನ ಕ್ರೋಮನ್ನೂ ಜೋಡಿ ಸೈಲೆನ್ಸರಿನ ಸದ್ದನ್ನೂ ನೆನೆಯುತ್ತಾರೆ. ನನಗೆ ಅದರ ದೊಡ್ಡ ಗುಣವೆಂದು ಕಾಣುವುದು ಯಾರೂ ಹೊಗಳದ ಎರಡು ಅಂಗಗಳು: ಚಕ್ರವನ್ನು ಬಾಚಿ ಮುಚ್ಚುವ ಅಗಲ ಮಡ್‌ಗಾರ್ಡ್, ಮತ್ತು ಚೈನನ್ನು ಸುತ್ತಲೂ ಮುಚ್ಚಿದ ತಗಡಿನ ಪೆಟ್ಟಿಗೆ. ಚೆಕ್ಕರು ಅದನ್ನು ಕೆಸರಿನ ದಾರಿಗೆಂದೇ ಮಾಡಿರಬೇಕು. ಸುಳ್ಯ, ಕಡಬದ ಕೆಂಪು ಮಣ್ಣಿನ ದಾರಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ನೀರು ತಾಗದಲ್ಲಿ ಯಾವ ಲೇಪನದ ಹಂಗೂ ಇಲ್ಲ.

ಆಮೇಲೆ ಆದದ್ದು ವಿಚಿತ್ರ. ಬೈಕಿನ ಬೆಲೆ ಏರುತ್ತ ಹೋದಂತೆ ಮಡ್‌ಗಾರ್ಡ್ ಚಿಕ್ಕದಾಗುತ್ತ ಹೋಯಿತು. ರೇಸಿನ ಬೈಕಿನಂತೆ ಕಾಣಬೇಕು, ಹಿಂಬದಿ ಬೋಳಾಗಿರಬೇಕು, ಚೈನ್ ಬೆತ್ತಲೆ ಇರಬೇಕು. 350 ಸಿ.ಸಿ. ಮೀರಿದ ಬೈಕಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ. ಅಷ್ಟು ತೆತ್ತು ತಂದದ್ದರ ಹಿಂದಿನ ಚಕ್ರ ಎರಚುವ ಕೆಸರು ನೇರ ಹೋಗಿ ಬಡಿಯುವುದು ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿಗೆ. ಕಾರ್ಖಾನೆ ಕೊಟ್ಟ ಅಲ್ಪಸ್ವಲ್ಪ ಮಡ್‌ಗಾರ್ಡನ್ನೂ ಬಿಚ್ಚಿಸಿ ಹಾಕುವ ಹುಡುಗರಿದ್ದಾರೆ. ಅವರ ಮಾತು ಬೇರೆ. 2018ರ ನವೆಂಬರಿನಲ್ಲಿ ಜಾವಾ ಹೆಸರು ಹೊಸ ಬೈಕಿನೊಂದಿಗೆ ಮರಳಿದಾಗ ಟ್ಯಾಂಕಿನ ಕ್ರೋಮ್ ಬಂತು, ಚೈನಿನ ಪೆಟ್ಟಿಗೆ ಬರಲಿಲ್ಲ.

ದುಬಾರಿ ಬೈಕುಗಳ ತುಕ್ಕಿನ ಬಗ್ಗೆ ಜೋರಾಗಿ ಗೊಣಗುವವರು ಇಂಗ್ಲೆಂಡಿನ ಸವಾರರು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಂಪನಿಗಳ ಪರೀಕ್ಷೆಯೂ ಉಪ್ಪಿನದ್ದೇ: ಬಿಡಿಭಾಗವನ್ನು ಪೆಟ್ಟಿಗೆಯೊಳಗಿಟ್ಟು ಉಪ್ಪುನೀರಿನ ಮಂಜು ಹಾಯಿಸುವ ಈ ವಿಧಾನ 1939ರಿಂದ ಅಮೆರಿಕದ ಪ್ರಮಾಣಿತ ಪರೀಕ್ಷೆಗಳ ಪಟ್ಟಿಯಲ್ಲಿದೆ. ನಮ್ಮ ರಸ್ತೆಗೆ ಯಾರೂ ಉಪ್ಪು ಹಾಕುವುದಿಲ್ಲ. ನರಿಮೊಗರಿನಿಂದ ಕಡಲೂ ದೂರ. ನಮ್ಮ ಕಷ್ಟ ಬೇರೆ. ಗಾಳಿಯ ತೇವಾಂಶ ಶೇ 60 ದಾಟಿದ ಮೇಲೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂತು ತುಕ್ಕು ಚುರುಕಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಾಂಶ ಆ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ. ಚಾವಡಿಯಲ್ಲಿ ಮಳೆ ತಾಗದಂತೆ ನಿಲ್ಲಿಸಿದ ಬೈಕೂ ಒದ್ದೆಯೇ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಹಬೆ ಕಟ್ಟಿ ಇನ್ನಷ್ಟು ಕೆಡುಕು.

ಲೇಪನವೇ ಇಲ್ಲದ ಕಬ್ಬಿಣ ಇಂಥ ಮಳೆಗೆ ನಿಲ್ಲದೆಂದೇನಿಲ್ಲ. ಕೊಡಚಾದ್ರಿಯ ಮೇಲೆ ಆದಿ ಮೂಕಾಂಬಿಕೆಯ ಗುಡಿಯೆದುರು ಸುಮಾರು 40 ಅಡಿಯ ಕಬ್ಬಿಣದ ಕಂಬವೊಂದು ಬಟಾಬಯಲಲ್ಲಿ ನಿಂತಿದೆ. ಸುರತ್ಕಲ್ಲಿನ ಎನ್‌ಐಟಿಕೆ ಮತ್ತು ಕಲ್ಪಾಕ್ಕಂನ ವಿಜ್ಞಾನಿಗಳು ಪರೀಕ್ಷಿಸಿ, ಅದು ಹಿಂದಿನವರು ಕುಲುಮೆಯಲ್ಲಿ ಮಾಡಿದ ಹೆಚ್ಚುಕಡಿಮೆ ಶುದ್ಧ ಕಬ್ಬಿಣ ಎಂದರು. ಆದರೆ ದಪ್ಪ ಕಂಬದ ಮೈಯಿಂದ ಒಂದು ಮಿಲಿಮೀಟರ್ ಸವೆದರೆ ನಷ್ಟವೇನೂ ಇಲ್ಲ. ಬೈಕಿನ ಟ್ಯಾಂಕಿನ ತಗಡು ಇರುವುದೇ ಅಷ್ಟು ದಪ್ಪ.

ತಗಡನ್ನು ಕಾಯಲು ಬಂದ ಉಪಾಯಗಳಲ್ಲಿ ದೊಡ್ಡದು 1960ರ ದಶಕದಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಬಳಕೆಗೆ ಬಂತು. ಬಿಡಿಭಾಗವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ಬ್ರಷ್ಷು ತಲುಪದ ಕೊಳವೆಯ ಒಳಮೈಗೂ ಬಣ್ಣ ತಾನಾಗಿ ಹೋಗಿ ಕೂರುತ್ತದೆ. ಇದರ ಜೊತೆಗೆ ಪೌಡರ್ ಕೋಟಿಂಗ್ ಬಂತು: ಒಣ ಪುಡಿಯನ್ನು ಅಂಟಿಸಿ, 200 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುವ ಲೇಪನ. ದಪ್ಪ, ಗಟ್ಟಿ, ಅಗ್ಗ. ಜಲ್ಲಿಕಲ್ಲು ಸಿಡಿದು ಒಂದು ಚಕ್ಕೆ ಎದ್ದರೆ ಮಾತ್ರ ನೀರು ಅಡಿಯಲ್ಲಿ ಹರಿದು ಬೊಕ್ಕೆ ಏಳಿಸುತ್ತದೆ. ಅತ್ತ ಕ್ರೋಮಿನ ಕಾಲವೂ ಇಳಿಮುಖ. ಲೇಪನದ ತೊಟ್ಟಿಯಲ್ಲಿ ಬಳಸುವ ಕ್ರೋಮಿಯಂ ಸಂಯುಕ್ತ ಕ್ಯಾನ್ಸರ್ ತರುವಂಥದ್ದು. 2017ರ ಸೆಪ್ಟೆಂಬರಿನಿಂದ ಯುರೋಪಿನಲ್ಲಿ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಫ್ಯಾಶನ್ನೂ ಮ್ಯಾಟ್ ಕಪ್ಪಿನ ಕಡೆ ವಾಲಿತು. ಕಪ್ಪು ಬಣ್ಣದ ಸೈಲೆನ್ಸರ್ ತುಕ್ಕು ಹಿಡಿಯುವುದು ಮೊದಲು ವೆಲ್ಡಿಂಗಿನ ಗೆರೆಯಲ್ಲಿ.

ಸೈಲೆನ್ಸರಿಗೆ ಒಳಗಿನಿಂದಲೂ ಮಳೆಗಾಲವಿದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಘಾಟಿ ಹತ್ತುವ ದೂರದ ಓಟದಲ್ಲಿ ಅದು ಹಬೆಯಾಗಿ ಹೋಗುತ್ತದೆ. ಪುತ್ತೂರು ಪೇಟೆಗೆ ಹೋಗಿಬರುವಷ್ಟು ಸಣ್ಣ ಓಟದಲ್ಲಿ ಒಳಗೇ ತಂಗುತ್ತದೆ, ಹುಳಿಯಾಗಿ. ಈಗ ಪೆಟ್ರೋಲಿನಲ್ಲಿ ಶೇ 20 ಎಥನಾಲ್, ಅದಕ್ಕೆ ಗಾಳಿಯ ತೇವ ಹೀರುವ ಗುಣ. ಮಳೆಗಾಲ ಪೂರ್ತಿ ಅರ್ಧ ಖಾಲಿ ಟ್ಯಾಂಕಿನಲ್ಲಿ ಬೈಕನ್ನು ನಿಲ್ಲಿಸಿಡುವವರು ಒಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ದುಬಾರಿ ತುಕ್ಕು ಮುಂದಿನ ಫೋರ್ಕಿನದ್ದು. ಅಲ್ಲಿರುವುದು ಅಲಂಕಾರದ್ದಲ್ಲ, ದಪ್ಪ ಕ್ರೋಮ್. ಆದರೂ ಕೆಸರು ಕೂತಲ್ಲಿ ಸಣ್ಣ ಗುಳಿ ಬಿದ್ದರೆ ಅದರ ಅಂಚು ಆಯಿಲ್ ಸೀಲನ್ನು ಹರಿಯುತ್ತದೆ. ಕೆಸರನ್ನು ಸಾದಾ ನೀರಿನಲ್ಲಿ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿದರೆ ಅಷ್ಟು ಸಾಕು. ಜೀಪಿನ ಅಡಿಗೆ ಹಳೆ ಆಯಿಲ್ ಹೊಡೆಯುವ ಮಲೆನಾಡಿನ ಮದ್ದನ್ನು ಬೈಕಿಗೆ ಮಾಡಹೋಗಿ ಬ್ರೇಕಿನ ಡಿಸ್ಕಿಗೆ ಹತ್ತಿಸಿಕೊಳ್ಳಬಾರದು. ಇನ್ನು ಕೊಳ್ಳುವವರಿಗೆ ಒಂದು ಮಾತು: ಶೋರೂಮಿನಲ್ಲಿ ಮಂಡಿಯೂರಿ ಸ್ವಿಂಗ್ ಆರ್ಮಿನ ಅಡಿ, ಸ್ಟ್ಯಾಂಡಿನ ಬುಡ, ಬೋಲ್ಟುಗಳ ತಲೆ ನೋಡಿ, ವಾರಂಟಿ ಪುಸ್ತಕದಲ್ಲಿ ‘ಒಳಗೊಳ್ಳುವುದಿಲ್ಲ’ ಎಂಬ ಸಣ್ಣಕ್ಷರದ ಪಟ್ಟಿಯನ್ನೂ ಓದಿ. ಬಣ್ಣ ಮಾಸುವುದು, ಲೇಪನ ಏಳುವುದು, ತುಕ್ಕು ಸಾಮಾನ್ಯವಾಗಿ ಅಲ್ಲೇ ಇರುತ್ತವೆ.