ಲಿಂಗದಹಳ್ಳಿಯಿಂದ ಗಿರಿಗುಹೆಗೆ

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ಯಾತ್ರಿಕರಿಗೆ ಮೊದಲು ದೊರೆಯುವುದು ಕಲ್ಹತ್ತಿಗಿರಿ. ಅಲ್ಲಿ ವೀರಭದ್ರನ ಗುಡಿಯ ಮಗ್ಗುಲಲ್ಲೇ ಜಲಪಾತವು ಧುಮುಕುವುದು. ಕೆಮ್ಮಣ್ಣುಗುಂಡಿಯಿಂದಾಚೆಗೆ ಕಾಲುದಾರಿಯು ಬೆಟ್ಟದ ಏಣನ್ನು ಹಿಡಿದು, ಹಿಂದೂ ಮುಸಲ್ಮಾನರಿಬ್ಬರೂ ಭಕ್ತಿಯಿಂದ ಬರುವ ಬಾಬಾಬುಡನ್‌ಗಿರಿಯ ಗುಹೆಯನ್ನೂ, ಬಳಿಕ 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯನ್ನೂ ಸೇರುತ್ತದೆ.

ಮಳೆ ನಿಂತು ತಿಂಗಳುಗಳಾದರೂ ಇಲ್ಲಿಯ ತೊರೆಗಳು ಹರಿಯುವುದೇಕೆ? ನೆತ್ತಿಯ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದರಿಂದ. ಮಾಘ ಕಳೆದೊಡನೆ ಆ ಹುಲ್ಲು ಒಣಗಿ ನಿಲ್ಲುವುದು. ಆಗ ಒಂದು ಬೀಡಿಯ ಕಿಡಿ ಸಾಕು. ಸುಟ್ಟ ಹುಲ್ಲು ಮುಂದಿನ ಮಳೆಗೆ ಚಿಗುರೀತು. ಸುಟ್ಟ ಶೋಲಾ ಮರಳಿ ಬೆಳೆಯಲು ತಲೆಮಾರುಗಳೇ ಬೇಕು. ಆದುದರಿಂದ ಶ್ರೋತೃಗಳು ಬೆಟ್ಟಕ್ಕೆ ಬುತ್ತಿಯನ್ನು ಕಟ್ಟಿಕೊಂಡು ಹೋಗಲಿ, ಬೆಂಕಿಯನ್ನು ಊರಿನಲ್ಲೇ ಬಿಡಲಿ.