ಮೊಳೆಯಿಲ್ಲದೆ ಕಟ್ಟಿದ ಒಡಲು

ಹೊಲಿದ ಹಡಗಿನಲ್ಲಿ ಹಲಗೆಗೆ ಹಲಗೆಯನ್ನು ಬಿಗಿಯುವುದು ತೆಂಗಿನ ನಾರಿನ ಹಗ್ಗ. ಒಡಲಿನಲ್ಲಿ ಕಬ್ಬಿಣದ ಮೊಳೆ ಇರುವುದಿಲ್ಲ. ಅರಬ್ಬಿ ಸಮುದ್ರದ ಎರಡೂ ದಡಗಳಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಸರಕು ಸಾಗಿಸಿದ್ದು ಇಂಥ ಹಡಗುಗಳೇ. ಈ ವಿಧಾನದಲ್ಲಿ ಕಟ್ಟಿದ ‘ಕೌಂಡಿನ್ಯ’ 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು.

ಕೆಲಸ ಆರಂಭವಾಗುವುದು ಕೀಲ್‌ನಿಂದ. ಹಡಗಿನ ತಳದುದ್ದಕ್ಕೂ ಹಾಯುವ ಈ ಮರದ ಎರಡು ಬದಿಗೆ ಮೊದಲ ಹಲಗೆಗಳು ಕೂಡುತ್ತವೆ. ಬಾಗುಮರಗಳ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಹಲಗೆ ಹೊಡೆಯುವುದು ನಂತರ ರೂಢಿಗೆ ಬಂದ ಕ್ರಮ. ಹೊಲಿದ ಹಡಗಿನಲ್ಲಿ ಹೊರಮೈ ಮೊದಲು, ಬಾಗುಮರ ಆಮೇಲೆ. ಆದ್ದರಿಂದ ಹಡಗಿನ ಆಕಾರವನ್ನು ತೀರ್ಮಾನಿಸುವುದು ಹಲಗೆಯ ಬಾಗು. ಹಲಗೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಬಿಸಿ ಆರುವ ಮುನ್ನ ಬೇಕಾದ ಬಾಗಿಗೆ ಒತ್ತಿ ಹಿಡಿಯುತ್ತಾರೆ.

ಹಲಗೆಗಳ ಅಂಚಿನುದ್ದಕ್ಕೂ ಎದುರುಬದುರಾಗಿ ತೂತು ಕೊರೆದಿರುತ್ತಾರೆ. ಎರಡು ಹಲಗೆ ಕೂಡುವ ಸಂದಿನ ಮೇಲೆ ನಾರಿನ ಉದ್ದನೆಯ ಸುರುಳಿ ಇಟ್ಟು, ಅದನ್ನು ಬಳಸಿಕೊಂಡು ಹಗ್ಗ ಹಾಯಿಸುತ್ತಾರೆ. ಒಳಗೊಬ್ಬ, ಹೊರಗೊಬ್ಬ ನಿಂತು ಎಳೆಯಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು. ಸಡಿಲಾದರೆ ಸಂದು ಬಾಯಿ ಬಿಡುತ್ತದೆ. ಮಿತಿಮೀರಿ ಬಿಗಿದರೆ ತೂತಿನ ಅಂಚು ಸೀಳಬಹುದು. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಅಳತೆಗೋಲಿಲ್ಲ, ಅದು ಕೈಗೇ ತಿಳಿಯಬೇಕು. ಕೌಂಡಿನ್ಯದ ಹೊಲಿಗೆಯನ್ನು ಮುನ್ನಡೆಸಿದವರು ಕೇರಳದ ಬಾಬು ಶಂಕರನ್. ಅವರ ತಂಡದ ಬಡಗಿಗಳು ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು.

ಹೊಲಿಗೆ ಮುಗಿದ ಮೇಲೆ ಸಂದುಗಳನ್ನೂ ತೂತುಗಳನ್ನೂ ನಾರು, ರಾಳ, ಮೀನೆಣ್ಣೆಗಳಿಂದ ಮುಚ್ಚುತ್ತಾರೆ. ನೀರಿಗಿಳಿದ ಮೇಲೆ ಮರ ಉಬ್ಬಿ ಸಂದು ಇನ್ನಷ್ಟು ಬಿಗಿಯಾಗುತ್ತದೆ. ಹಗ್ಗ ಸವೆದಲ್ಲಿ ಬಿಚ್ಚಿ ಮತ್ತೆ ಹೊಲಿಯಬಹುದು.

ಮೊದಲು ಇಟ್ಟ ಆ ಕೀಲ್ ಹಡಗಿಗೆ ಬೆನ್ನುಮೂಳೆ ಮಾತ್ರವಲ್ಲ, ಗಾಳಿ ಪಕ್ಕದಿಂದ ತಳ್ಳಿದಾಗ ಹಡಗು ಅಡ್ಡಕ್ಕೆ ಜಾರದಂತೆ ನೀರನ್ನು ಒತ್ತಿ ನಿಲ್ಲುವುದೂ ಅದೇ. ಎಲ್ಲ ನೀರಿಗೂ ಒಂದೇ ಕೀಲ್ ಒಗ್ಗದು. ಕೋರಮಂಡಲ ತೀರದ ಮಸೂಲಾ ದೋಣಿ ಅಲೆಗಳನ್ನು ಸೀಳಿ ಮರಳಿನ ಮೇಲೇರಬೇಕು. ಅದರ ತಳ ಚಪ್ಪಟೆ. ಕಡಲಿಗೆ ಹೋಗುವ ಅರಬ್ ಹಾಯಿಹಡಗುಗಳಿಗೆ ಉದ್ದನೆಯ ನೇರ ಕೀಲ್.

ಕ್ರಿ.ಶ. 1ನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥದಲ್ಲೇ ಹೊಲಿದ ದೋಣಿಗಳ ಪ್ರಸ್ತಾಪವಿದೆ. 13ನೇ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇವನ್ನು ಕಂಡ ಮಾರ್ಕೊ ಪೋಲೊಗೆ ಇವು ಅಪಾಯಕರವೆನಿಸಿದವು. ಮುಂದಿನ ಶತಮಾನದ ಪ್ರವಾಸಿ ಇಬ್ನ್ ಬತೂತನ ಅಭಿಪ್ರಾಯ ಬೇರೆ: ಬಂಡೆಗೆ ತಾಗಿದಾಗ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಗ್ರಂಥ ಮೊಳೆ ಬೇಡವೆನ್ನಲು ಕೊಡುವ ಕಾರಣವೇ ಸ್ವಾರಸ್ಯ: ಕಡಲಿನ ಅಯಸ್ಕಾಂತದ ಬಂಡೆಗಳು ಕಬ್ಬಿಣವನ್ನು ಸೆಳೆಯುತ್ತವೆಯಂತೆ. 1498ರಲ್ಲಿ ಪೋರ್ಚುಗೀಸರು ಬಂದ ನಂತರ ಕಬ್ಬಿಣದ ಮೊಳೆ ಹೆಚ್ಚುತ್ತ ಹೋಯಿತು, ದೊಡ್ಡ ಹಡಗುಗಳಿಂದ ಹೊಲಿಗೆ ಮರೆಯಾಯಿತು.

ಕೌಂಡಿನ್ಯಕ್ಕೆ ಹಳೆಯ ನಕ್ಷೆಯಾಗಲಿ ಅವಶೇಷವಾಗಲಿ ಸಿಗಲಿಲ್ಲ. ಇದ್ದದ್ದು ಅಜಂತಾದ 5ನೇ ಶತಮಾನದ ಒಂದು ಚಿತ್ರ. ಅದರಿಂದ ಇಡೀ ಒಡಲನ್ನು ಊಹಿಸಿ, ಮಾದರಿಯನ್ನು ಐಐಟಿ ಮದ್ರಾಸ್‌ನ ನೆರವಿನಿಂದ ನೀರಿನಲ್ಲಿ ಪರೀಕ್ಷಿಸಲಾಯಿತು. ಗೋವಾದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಕೀಲ್ ಇಟ್ಟು, 2025ರ ಫೆಬ್ರುವರಿಯಲ್ಲಿ ಹಡಗನ್ನು ನೀರಿಗಿಳಿಸಿದರು. ಚೌಕ ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ. ತಿರುಗಿಸಲು ಚುಕ್ಕಾಣಿಯ ಬದಲು ದೊಡ್ಡ ಹುಟ್ಟುಗಳಿವೆ. ಚೌಕ ಹಾಯಿ ಎದುರುಗಾಳಿಗೆ ಹೇಳಿದ್ದಲ್ಲ. ಪೋರಬಂದರಿನಿಂದ ಮಸ್ಕತ್‌ಗೆ ಹೊರಡಲು 2025ರ ಡಿಸೆಂಬರ್ 29ರ ದಿನ ಹೊಂದಿಬಂದದ್ದೂ ಚಳಿಗಾಲದ ಈಶಾನ್ಯ ಮಾರುತದ ಲೆಕ್ಕದಿಂದಲೇ. 2026ರ ಜನವರಿಯಲ್ಲಿ ಅದು ಮಸ್ಕತ್ ಮುಟ್ಟಿತು.

ಒಂದು ಹಡಗು ದಡ ಸೇರಿದ ಮಾತ್ರಕ್ಕೆ ಕಸುಬು ದಡ ಸೇರುವುದಿಲ್ಲ. ಕೇರಳದಲ್ಲಿ ಹಿಂದೆ ಭತ್ತ ಹೊರುತ್ತಿದ್ದ ಕೆಟ್ಟುವಳ್ಳ ಎಂಬ ಹೊಲಿದ ದೋಣಿಗಳು ಪ್ರವಾಸಿಗರ ದೋಣಿಮನೆಗಳಾಗಿ ಹೊಲಿಗೆಗಾರರಿಗೆ ಒಂದಿಷ್ಟು ಕೆಲಸ ಕೊಟ್ಟಿವೆ. ಆದರೆ ಹಿನ್ನೀರಿನ ಒಡಲೇ ಬೇರೆ, ಕಡಲಿನದೇ ಬೇರೆ. ಕೌಂಡಿನ್ಯದಿಂದಾಗಿ ಈಗ ನಕ್ಷೆಯೂ ಇದೆ, ಲೆಕ್ಕಗಳೂ ಇವೆ. ಹಗ್ಗವನ್ನು ಎಲ್ಲಿಯವರೆಗೆ ಎಳೆಯಬೇಕೆಂಬುದು ಮಾತ್ರ ಅವುಗಳಲ್ಲಿ ಇಲ್ಲ. ಇನ್ನೊಂದು ಕಡಲ ಹಡಗು ಕಟ್ಟಿಸುವವರು ಸಿಕ್ಕರೆ ಅದನ್ನು ಕಲಿಯುವವರೂ ಸಿಕ್ಕಾರು.