ಪ್ರಥಮ ಚಿಕಿತ್ಸೆ: ಪೆಟ್ಟಿಗೆ ಇದೆ, ಬಲ್ಲವರು ಎಲ್ಲಿ?

ಕೈಗಾರಿಕಾ ಘಟಕಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ 'ಪ್ರಥಮ ಚಿಕಿತ್ಸಾ ಸಾಮಗ್ರಿ' ಎಂಬ ಬಾಬ್ತಿನಲ್ಲಿ ಸಣ್ಣ ಮೊತ್ತದ ವೋಚರುಗಳು ವರ್ಷಂಪ್ರತಿ ಕಾಣಸಿಗುತ್ತವೆ. ಹತ್ತಿ, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಔಷಧಿ ಇವುಗಳ ಖರೀದಿ ತಪ್ಪುವುದಿಲ್ಲ. ಆದರೆ ಅವನ್ನು ಬಳಸಬೇಕಾದ ನೌಕರನ ತರಬೇತಿಗೆಂದು ಹಣ ಪಾವತಿಯಾದ ವೋಚರು ಬಹಳ ವಿರಳ. ಫೌಂಡ್ರಿ, ಪವರ್ ಪ್ರೆಸ್, ರಾಸಾಯನಿಕ ಘಟಕ, ಕಲ್ಲುಗಣಿ, ಕಟ್ಟಡ ನಿರ್ಮಾಣ ಮೊದಲಾದ ಅಪಾಯ ಹೆಚ್ಚಿರುವ ಕಡೆಗಳಲ್ಲಿಯೂ ನಾನು ಕಂಡಂತೆ ಸ್ಥಿತಿ ಬೇರೆಯಿಲ್ಲ. ಈ ಕೊರತೆಯತ್ತ ಸದಸ್ಯರ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

1948ರ ಕಾರ್ಖಾನೆ ಕಾಯಿದೆಯ 45ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಏಕಕಾಲಕ್ಕೆ ಕೆಲಸ ಮಾಡುವ ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪೆಟ್ಟಿಗೆ ಇರತಕ್ಕದ್ದು. ಪ್ರತಿಯೊಂದು ಪೆಟ್ಟಿಗೆಯೂ ರಾಜ್ಯ ಸರ್ಕಾರ ಮಾನ್ಯ ಮಾಡಿದ ಪ್ರಥಮ ಚಿಕಿತ್ಸಾ ಪ್ರಮಾಣಪತ್ರ ಪಡೆದ ಪ್ರತ್ಯೇಕ ವ್ಯಕ್ತಿಯ ವಶದಲ್ಲಿರತಕ್ಕದ್ದು. ಆ ವ್ಯಕ್ತಿ ಕೆಲಸದ ವೇಳೆಯುದ್ದಕ್ಕೂ ಸುಲಭವಾಗಿ ದೊರಕುವಂತಿರತಕ್ಕದ್ದು. 500ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಆಂಬುಲೆನ್ಸ್ ಕೊಠಡಿ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಈ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. ಪೆಟ್ಟಿಗೆಯ ಹಾಗೂ ಆಂಬುಲೆನ್ಸ್ ಕೊಠಡಿಯ ಹೊಣೆಯನ್ನು ಅದರ 24ನೇ ಕಲಂ ಮುಂದುವರಿಸಿದೆ. ಕಾಯಿದೆ ಬದಲಾದ ಮಾತ್ರಕ್ಕೆ ಗಾಯದ ಸ್ವರೂಪ ಬದಲಾಗುವುದಿಲ್ಲವಾದ ಕಾರಣ, ಹಳೆಯ ಕಲಮಿನ ಆಶಯವನ್ನೇ ಕನಿಷ್ಠ ಮಟ್ಟವೆಂದು ಇಟ್ಟುಕೊಳ್ಳುವುದು ಕ್ಷೇಮ.

'ಕೆಲಸದ ವೇಳೆಯುದ್ದಕ್ಕೂ' ಎಂಬ ಪದವನ್ನು ಬಹುಮಂದಿ ಮಾಲೀಕರು ಗಮನವಿಟ್ಟು ಓದಿಲ್ಲ. ವಾರದ ಏಳೂ ದಿನ ಮೂರು ಪಾಳಿಗಳಲ್ಲಿ ನಡೆಯುವ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಾರಕ್ಕೆ 21 ಪಾಳಿಗಳಾದವು. ಗಾಯಗೊಂಡವನು ತರಬೇತಿ ಪಡೆದವನೇ ಆಗಿರಬಹುದಾದ್ದರಿಂದ ಪಾಳಿಗೆ ಇಬ್ಬರಂತೆ ಹಿಡಿದರೆ 42 ಆಳುಪಾಳಿ. ಒಬ್ಬನು ವಾರಕ್ಕೆ ಆರು ಪಾಳಿ ದುಡಿದರೆ ಏಳು ಜನ ಬೇಕು. ರಜೆಯನ್ನೂ ಲೆಕ್ಕಕ್ಕೆ ತಂದರೆ ಎಂಟು. ನಮ್ಮಲ್ಲಿ ಸಾಮಾನ್ಯವಾಗಿ ತರಬೇತಿ ಪಡೆದವರು ಸಿಬ್ಬಂದಿ ವಿಭಾಗದ ಒಬ್ಬರೋ ಇಬ್ಬರೋ, ಅವರೂ ಹಗಲು ಪಾಳಿಯವರು. ನಾನು ಲೆಕ್ಕಪರಿಶೋಧನೆಗೆಂದು ಹೋಗಿದ್ದ ಒಂದು ಘಟಕದಲ್ಲಿ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಗ್ರಾಣಪಾಲಕರು ಸಂಜೆ ಮನೆಗೆ ಒಯ್ಯುತ್ತಿದ್ದರು. ಸಾಮಗ್ರಿ ಕಳುವಾಗದಿರಲೆಂಬ ಅವರ ಕಾಳಜಿ ಲೆಕ್ಕಿಗನಾದ ನನಗೆ ಅರ್ಥವಾಗದೆ ಇರಲಿಲ್ಲ!

ತರಬೇತಿಯಿಂದ ಏನು ಸಾಧ್ಯವೆಂಬುದನ್ನು ಕೆಲವು ನಿದರ್ಶನಗಳಿಂದ ತಿಳಿಯಬಹುದು. ವಿದ್ಯುತ್ ಆಘಾತವಾದಾಗ ಮೊದಲು ಮಾಡಬೇಕಾದದ್ದು ಮೇನ್ ಸ್ವಿಚ್ ಆರಿಸುವುದು. ಅದಕ್ಕೂ ಮುನ್ನ ಗಾಯಾಳುವನ್ನು ಮುಟ್ಟಿದವನು ಎರಡನೆಯ ಗಾಯಾಳುವಾಗುತ್ತಾನೆ. ಹೃದಯ ನಿಂತುಹೋದ ವ್ಯಕ್ತಿಗೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇದು ನಡೆಯದಿದ್ದರೆ ಬದುಕುಳಿಯುವ ಸಾಧ್ಯತೆ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ನಗರದ ಹೊರವಲಯದ ಕೈಗಾರಿಕಾ ಪ್ರದೇಶಕ್ಕೆ ಆಂಬುಲೆನ್ಸ್ ಎಷ್ಟು ನಿಮಿಷಕ್ಕೆ ಬಂದೀತೆಂಬುದನ್ನು ಸದಸ್ಯರೇ ಬಲ್ಲರು. ಕರಗಿದ ಲೋಹ ಅಥವಾ ಬಿಸಿ ಎಣ್ಣೆಯಿಂದ ಸುಟ್ಟ ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಆಮ್ಲ ಕಣ್ಣಿಗೆ ಸಿಡಿದಾಗಲೂ ಮೊದಲ ಮದ್ದು ಧಾರಾಳವಾದ ನೀರೇ. ಇಂದಿಗೂ ಶಾಪ್ ಫ್ಲೋರಿನಲ್ಲಿ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವವರಿದ್ದಾರೆ.

ಪ್ರೆಸ್‌ನಲ್ಲಿ ಬೆರಳು ತುಂಡಾದ ಸಂದರ್ಭದಲ್ಲಿ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ತುಂಡಾದ ಭಾಗವನ್ನು ತೇವದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ರೋಗಿಯೊಡನೆ ಕಳುಹಿಸಬೇಕು. ನೇರವಾಗಿ ಮಂಜುಗಡ್ಡೆಯ ಮೇಲೆ ಇಟ್ಟರೆ ಜೀವಕೋಶಗಳು ಹಾಳಾಗಿ ಮರುಜೋಡಣೆ ಕಷ್ಟವಾಗುತ್ತದೆ. ತಿಳಿಯದವರು ಸದುದ್ದೇಶದಿಂದಲೇ ಮಾಡುವ ತಪ್ಪು ಇದು.

ಸದುದ್ದೇಶವೇ ಪ್ರಾಣಾಂತಿಕವಾದ ಪ್ರಸಂಗವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಕಾರ್ಮಿಕನೊಬ್ಬ ತ್ಯಾಜ್ಯದ ತೊಟ್ಟಿಗೆ ಬಿದ್ದ. ಅವನನ್ನು ಎತ್ತಲು ಸಂಗಡಿಗರು ಒಬ್ಬರ ಹಿಂದೊಬ್ಬರಂತೆ ಇಳಿದರು. ಒಟ್ಟು ಐವರು ಮೃತಪಟ್ಟರು. ಕೊಳೆತ ತ್ಯಾಜ್ಯದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಮೊದಮೊದಲು ಕೊಳೆತ ಮೊಟ್ಟೆಯ ವಾಸನೆಯಿರುತ್ತದೆ; ಪ್ರಮಾಣ ಏರಿದಂತೆ ಅದು ಘ್ರಾಣಶಕ್ತಿಯನ್ನೇ ಕೆಡಿಸುವುದರಿಂದ ಅಪಾಯ ತಪ್ಪಿತೆಂಬ ಭ್ರಮೆ ಉಂಟಾಗುತ್ತದೆ. ಉಸಿರಾಟದ ಉಪಕರಣ ಹಾಗೂ ಮೇಲೆ ನಿಂತವರು ಹಿಡಿದ ಹಗ್ಗವಿಲ್ಲದೆ ಗುಂಡಿಗೆ ಇಳಿಯಕೂಡದೆಂಬ ಒಂದು ಪಾಠವನ್ನಾದರೂ ಇಂತಹ ಘಟಕಗಳ ಪ್ರತಿಯೊಬ್ಬ ನೌಕರನಿಗೆ ಕಲಿಸತಕ್ಕದ್ದು. ಇಲ್ಲಿ ಎಂಟು ಮಂದಿಯ ಲೆಕ್ಕ ಸಾಲದು.

ಆ ಮೃತರು ಪಶ್ಚಿಮ ಬಂಗಾಳದವರು. ಇಂದು ನಮ್ಮ ಅನೇಕ ಘಟಕಗಳಲ್ಲಿ ಅಪಾಯದ ಕೆಲಸ ಹೊರರಾಜ್ಯದ ಗುತ್ತಿಗೆ ಕಾರ್ಮಿಕರ ಪಾಲಿಗೆ ಬಂದಿದೆ. ತರಬೇತಿಯ ಹಾಜರಿ ಪಟ್ಟಿಯಲ್ಲಿ ಮಾತ್ರ ಕಾಯಂ ನೌಕರರ ಹೆಸರುಗಳೇ ಇರುತ್ತವೆ. ಗೋಡೆಯ ಮೇಲಿನ ಸೂಚನೆಗಳು ಕನ್ನಡ, ಇಂಗ್ಲಿಷ್‌ಗಳಲ್ಲಿ. ಓದಬೇಕಾದವನಿಗೆ ತಿಳಿದದ್ದು ಬಂಗಾಳಿ ಅಥವಾ ಒಡಿಯಾ. ಅವರ ಭಾಷೆ ಬಲ್ಲ ಮೇಸ್ತ್ರಿಯೊಬ್ಬನಿಗೆ ಮೊದಲು ತರಬೇತಿ ಕೊಡಿಸಿ ಅವನ ಮೂಲಕ ಉಳಿದವರಿಗೆ ಕಲಿಸುವುದು ಕಾರ್ಯಸಾಧ್ಯವಾದ ಮಾರ್ಗವೆಂದು ನನ್ನ ಅಭಿಪ್ರಾಯ.

ಇನ್ನು ಖರ್ಚಿನ ಮಾತು. ಮಾಸಿಕ ರೂ. 18,000 ವೇತನದ ಎಂಟು ನೌಕರರನ್ನು ಎರಡು ದಿನ ತರಬೇತಿಗೆ ಕಳುಹಿಸಿದರೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ, ಕೆಲಸವಿಲ್ಲದೆ ಕೊಡುವ ವೇತನ ಸುಮಾರು ರೂ. 11,077. ತರಬೇತಿ ಶುಲ್ಕ ಇದಕ್ಕೆ ಹೊರತು. ಮತ್ತೊಂದು ಬದಿಗೆ, ಇ.ಎಸ್.ಐ. ವ್ಯಾಪ್ತಿಗೆ ಬಾರದ 30 ವರ್ಷದ ನೌಕರನು ಅಪಘಾತದಲ್ಲಿ ಮೃತಪಟ್ಟನೆಂದು ಭಾವಿಸಿ. 1923ರ ಕಾಯಿದೆಯಲ್ಲಿದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ಸೂತ್ರದಂತೆ, ವೇತನವನ್ನು ರೂ. 15,000 ಎಂದು ಹಿಡಿದರೆ, ಅದರ ಅರ್ಧವನ್ನು 207.98ರಿಂದ ಗುಣಿಸಿ ರೂ. 15,59,850 ಪರಿಹಾರ ಸಲ್ಲುತ್ತದೆ. ಇ.ಎಸ್.ಐ. ಇರುವಲ್ಲಿ ಈ ಹೊರೆ ಮಾಲೀಕನ ಮೇಲೆ ನೇರವಾಗಿ ಬೀಳದು. ಆ ಧೈರ್ಯದಿಂದಲೇ ಹಲವರು ತರಬೇತಿಯನ್ನು ಮುಂದೂಡುತ್ತಾರೆ. ವಿಮೆಯಿಂದ ಕುಟುಂಬಕ್ಕೆ ಹಣ ಬರುತ್ತದೆ, ದುಡಿಯುವವನು ಬರುವುದಿಲ್ಲ.

ತರಬೇತಿಯ ವೆಚ್ಚವನ್ನು ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಬಾಬ್ತಿಗೆ ಹಾಕಬಹುದೇ ಎಂದು ಕೆಲವರು ಕೇಳುವುದುಂಟು. ಹಾಕಲು ಬರುವುದಿಲ್ಲ, ಸ್ವಂತ ನೌಕರರ ಅನುಕೂಲಕ್ಕಾಗಿ ಮಾಡಿದ ಕಾರ್ಯ ಆ ನಿಯಮಗಳಿಂದ ಹೊರಗಿದೆ. ವ್ಯವಹಾರದ ಸಾಮಾನ್ಯ ವೆಚ್ಚವಾಗಿ ಲಾಭ-ನಷ್ಟ ಖಾತೆಗೆ ಹಾಕಿದರೆ ಆದಾಯ ತೆರಿಗೆಯಲ್ಲಿ ಅಡ್ಡಿಯಿಲ್ಲ.

ಸೇಂಟ್ ಜಾನ್ ಆಂಬುಲೆನ್ಸ್ ಹಾಗೂ ಭಾರತೀಯ ರೆಡ್ ಕ್ರಾಸ್ ಸಂಸ್ಥೆಗಳು ಈ ತರಬೇತಿಯನ್ನು ಬಹುಕಾಲದಿಂದ ನೀಡುತ್ತಿವೆ. ಘಟಕದ ಅಪಾಯಗಳನ್ನು ಮೊದಲೇ ತಿಳಿಸಿ, ತರಬೇತುದಾರರನ್ನು ಒಮ್ಮೆ ಶಾಪ್ ಫ್ಲೋರಿಗೆ ಕರೆದೊಯ್ದು ತೋರಿಸಿದರೆ ಪಾಠ ಹೆಚ್ಚು ಉಪಯುಕ್ತವಾಗುತ್ತದೆ. ಪ್ರಮಾಣಪತ್ರಕ್ಕೆ ಅವಧಿಯುಂಟು, ಸಾಮಾನ್ಯವಾಗಿ ಮೂರು ವರ್ಷ. ಆದರೆ ಎದೆ ಒತ್ತುವ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಮಾಸುತ್ತದೆ. ಆದುದರಿಂದ ಜಿ.ಎಸ್.ಟಿ., ಭವಿಷ್ಯನಿಧಿ ಮುಂತಾದವುಗಳ ಗಡುವುಗಳನ್ನು ಬರೆದಿಡುವ ಪಟ್ಟಿಯಲ್ಲಿಯೇ ಪ್ರಮಾಣಪತ್ರಗಳ ಮುಕ್ತಾಯ ದಿನಾಂಕಗಳನ್ನೂ, ಮೂರು ತಿಂಗಳಿಗೊಮ್ಮೆ ಪ್ರತಿ ಪಾಳಿಯಲ್ಲಿ ಅರ್ಧ ಗಂಟೆಯ ಅಭ್ಯಾಸವನ್ನೂ ನಮೂದಿಸಿ, ತರಬೇತಿ ಪಡೆದವರ ಹೆಸರು ಹಾಗೂ ಪಾಳಿಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಅಂಟಿಸುವುದು ಒಳಿತು. ಬೀಗ ಬೇಡ.